ತೊಡೆಯ ಮೇಲಿನ ಗಿಟಾರು, ಮೊರಬದ ಭಜನೆ

ಆದರೆ ಅದು ಸಾಧ್ಯವೇ ಇಲ್ಲ. ಮೊರಬ ಎಂಬ ಊರಿನ ಶಂಕ್ರಪ್ಪನವರು ಗಿಟಾರ್ ಕಲಿಯಲು ಬಂದ ಮೊದಲ ದಿನವೇ ಅಂಗಿಯ ಜೇಬಿನಿಂದ ಪಿಸ್ಟನ್ ಪಿನ್ ತೆಗೆದು ನನ್ನ ಮೇಜಿನ ಮೇಲೆ ಟಣ್ ಎಂದು ಇಟ್ಟರು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಮದುವೆ ಮನೆಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ, ಜನ ನಕ್ಕಿದ್ದಾರೆ. ಈಗ ಬರೆಯಲು ಕೂತಾಗ ಆ ಟಣ್ ಶಬ್ದವೇ ಸುಳ್ಳು ಅನಿಸುತ್ತಿದೆ. ಗಿಟಾರಿನ ತಂತಿಯ ಮೇಲೆ ಕಬ್ಬಿಣ ಜಾರಿಸಿ ಸ್ವರ ಹೊರಡಿಸುವುದನ್ನು ಕಣ್ಣಿಂದ ಕಂಡೇ ಇರದ ಮನುಷ್ಯ ಆ ಕಬ್ಬಿಣವನ್ನು ಮೊದಲೇ ಹೇಗೆ ತಂದಾನು? ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಆ ದಿನದ ಎದುರು ಇರುವುದು ಇಷ್ಟೇ: "ಮೊರಬದವರು. ದನಿ ಇಲ್ಲ. ಕರಿ ಎರಡು." ಪಿನ್ನಿನ ಸುದ್ದಿಯೇ ಇಲ್ಲ. ಅಂದರೆ ಪಿನ್ನು ಆಮೇಲೆ ಬಂದಿದೆ. ಕಥೆ ಚೆನ್ನಾಗಿ ಕೂರಲಿ ಎಂದು ನಾನೇ ಅದನ್ನು ಮುಂದಕ್ಕೆ ಎಳೆದಿದ್ದೇನೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಲೈಡ್ ಗಿಟಾರ್ ಕಲಿಸುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವಂತೆ ಏನಾದರೂ ಬರೆಯಿರಿ ಎಂದು ನಾನು ಕಲಿಸುತ್ತಿದ್ದ ಶಾಲೆಯವರು ಕೇಳಿದ್ದಾರೆ. ಉಪಯೋಗದ ಮಾತು ಗೊತ್ತಿಲ್ಲ. ನೆನಪಿದ್ದದ್ದನ್ನು ಬರೆಯುತ್ತೇನೆ. ಅನುಮಾನ ಬಂದಲ್ಲಿ ಅನುಮಾನವನ್ನೂ ಬರೆಯುತ್ತೇನೆ.

ನಾನು ನವಲಗುಂದದ ಒಂದು ಖಾಸಗಿ ಸಂಗೀತ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಇದ್ದೆ. ಶಾಲೆ ಎಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಗಾಯನ, ಇನ್ನೊಂದರಲ್ಲಿ ಉಳಿದ ಎಲ್ಲವೂ. ಉಳಿದ ಎಲ್ಲವೂ ಎಂದರೆ ನಾನು. ಗಾಯನದ ಕೋಣೆಯಲ್ಲಿ ನಮ್ಮ ಮುಖ್ಯಸ್ಥರಾದ ದೇಶಪಾಂಡೆ ಸರ್ ಕೂರುತ್ತಿದ್ದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಮುಚ್ಚಿದ ಕಣ್ಣು. ಗಿಟಾರಿಗೆ ಅವರು ಒಂದು ದಿನವೂ ಗಿಟಾರ್ ಎನ್ನಲಿಲ್ಲ. "ನಿಮ್ಮ ಡಬ್ಬಿ" ಎನ್ನುತ್ತಿದ್ದರು. ವಾದ್ಯ ಕಲಿಯಲು ಬಂದವರೂ ಮೊದಲು ಅವರೆದುರು ಕೂತು ಬಾಯಿಂದ ಸಾ ಹಿಡಿದು ತೋರಿಸಬೇಕು, ಅದು ಶಾಲೆಯ ನಿಯಮ. ಗಂಟಲಲ್ಲಿ ಇಲ್ಲದ್ದು ಕೈಯಲ್ಲಿ ಎಲ್ಲಿಂದ ಬರುತ್ತದೆ ಎಂಬುದು ಅವರ ವಾದ.

ಸ್ಲೈಡ್ ಎಂದರೆ ಏನು ಎಂದು ತಿಳಿಯದವರಿಗೆ ಎರಡು ಮಾತು. ಮಾಮೂಲಿ ಗಿಟಾರಿನಲ್ಲಿ ಎಡಗೈ ಬೆರಳು ತಂತಿಯನ್ನು ಕೆಳಗಿನ ಹಲಗೆಗೆ ಒತ್ತುತ್ತದೆ. ಹಲಗೆಗೆ ಅಡ್ಡಲಾಗಿ ಲೋಹದ ಗೆರೆಗಳಿರುತ್ತವೆ, ಒಂದೊಂದು ಗೆರೆಗೆ ಒಂದೊಂದು ಸ್ವರ. ಸ್ವರ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತದೆ. ನಮ್ಮ ಕಡೆಯ ಹಾಡು ಮೆಟ್ಟಿಲು ಹತ್ತುವುದಿಲ್ಲ, ಇಳಿಜಾರಿನಲ್ಲಿ ಚಕ್ಕಡಿ ಹೋದ ಹಾಗೆ ಹೋಗುತ್ತದೆ. ಅದಕ್ಕಾಗಿ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳನ್ನು ಹಲಗೆಯಿಂದ ಮೇಲಕ್ಕೆ ಎತ್ತಿ, ಬೆರಳಿನ ಬದಲು ಒಂದು ನುಣುಪಾದ ಲೋಹದ ತುಂಡನ್ನು ತಂತಿಯ ಮೇಲೆ ಹಗುರವಾಗಿ ಜಾರಿಸುತ್ತೇವೆ. ಆಗ ಸ್ವರ ಮನುಷ್ಯನ ಗಂಟಲಿನಂತೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಹರಿಯಬೇಕು. ಮೊದಲ ಎರಡು ತಿಂಗಳು ಹರಿಯುವುದಿಲ್ಲ, ಊಳಿಡುತ್ತದೆ.

ಶಂಕ್ರಪ್ಪನವರು ಯುಗಾದಿ ಮುಗಿದ ಮೇಲೆ ಹೆಂಡತಿ ಗಂಗವ್ವನ ಜೊತೆ ಬಂದರು. ಐವತ್ತೈದರ ಆಸುಪಾಸು, ಎರೆ ಹೊಲದ ಬೇಸಾಯ, ಹೆಗಲ ಮೇಲೆ ಟವೆಲು, ಕಣ್ಣಿಗೆ ಚಾಳೀಸು. ಕುತ್ತಿಗೆಯ ಮೇಲೆ ಅಡ್ಡಲಾಗಿ ಒಂದು ಹೊಸ ಗಾಯದ ಗುರುತು. ಅವರು ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಗಾಳಿಯೊಳಗೆ ಮಾತು ಸ್ವಲ್ಪ ಇರುತ್ತಿತ್ತು. ಅದನ್ನು ದೊಡ್ಡದು ಮಾಡಿ ಹೇಳುವುದು ಗಂಗವ್ವನ ಕೆಲಸ.

"ಮಾಸ್ತರ, ಇವ್ರ ಗಂಟಲ ಆಪರೇಷನ್ ಆಗೇತ್ರಿ. ಡಾಕ್ಟರ್ ಜೀವ ಉಳಿತು, ದನಿ ಹೋತು ಅಂದಾರ."

ಶಂಕ್ರಪ್ಪನವರು ಏನೋ ಪಿಸುಗುಟ್ಟಿದರು.

"ಏನಂತಾರ?" ಎಂದೆ.

"ನನಗ ಹೇಳಾಕ ಬರ್ತೈತಿ, ನೀ ಸುಮ್ಮ ಕುಂದ್ರು ಅಂತಾರ," ಎಂದು ಗಂಗವ್ವ ಹೇಳಿ ಮುಂದುವರಿಸಿದಳು.

ವಿಷಯ ಇದು. ಮೊರಬದ ಬಸವಣ್ಣನ ಗುಡಿಯಲ್ಲಿ ಅವರ ಓಣಿಯ ಭಜನೆ ಮೇಳ ಇದೆ. ಮುಂದೆ ಕೂತವನು ಪದದ ಒಂದು ಸಾಲು ಹಿಡಿಯಬೇಕು, ಹಿಂದೆ ಕೂತ ಹನ್ನೆರಡು ಜನ ಅದೇ ಸಾಲನ್ನು ತಿರುಗಿ ಹಾಡಬೇಕು. ಮುಂದಿನ ಚಾಪೆ ಶಂಕ್ರಪ್ಪನವರದು, ಹತ್ತೊಂಬತ್ತು ವರ್ಷದಿಂದ. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಆ ಚಾಪೆಯ ಮೇಲೆ ಕೂತು ಪದ ಹಿಡಿದವನು ಆ ವರ್ಷವೆಲ್ಲ ಮುಂದಾಳು. ಅಂದು ಚಾಪೆ ಖಾಲಿ ಬಿದ್ದರೆ ಅದು ಪೇಟಿ, ಅಂದರೆ ಹಾರ್ಮೋನಿಯಂ ಬಾರಿಸುವ ರುದ್ರಪ್ಪನಿಗೆ ಹೋಗುತ್ತದೆ. ರುದ್ರಪ್ಪ ಶಂಕ್ರಪ್ಪನವರ ಚಿಕ್ಕಪ್ಪನ ಮಗ. ಒಮ್ಮೆ ಹೋದ ಚಾಪೆ ತಿರುಗಿ ಬಂದ ಉದಾಹರಣೆ ಊರಲ್ಲಿ ಇಲ್ಲ.

"ಮೊಬೈಲ್‌ನ್ಯಾಗ ಒಂದು ಗಿಟಾರ ಕೇಳ್ಯಾರ್ರಿ," ಎಂದಳು ಗಂಗವ್ವ. "ಅದು ಅಗದಿ ಮನಷ್ಯಾ ಹಾಡಿದಂಗ ಇತ್ತಂತ. ಬಾಯಿ ಹೋದ್ರ ಹೋತು, ಅದರಿಂದ ಪದ ಹಿಡೀತೇನಿ ಅಂತ ಹಟ ಹಿಡದಾರ. ಶ್ರಾವಣಕ್ಕ ಕಲೀಬೇಕ್ರಿ."

ನಾಲ್ಕು ತಿಂಗಳು. ನಾಲ್ಕು ತಿಂಗಳಲ್ಲಿ ನನ್ನ ವಿದ್ಯಾರ್ಥಿಗಳು ಗಿಟಾರನ್ನು ಬೀಳಿಸದೆ ಹಿಡಿಯುವುದನ್ನು ಕಲಿಯುತ್ತಾರೆ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಶಂಕ್ರಪ್ಪನವರು ಮುಂದೆ ಬಾಗಿ ನನ್ನ ಕಿವಿಯ ಬಳಿ ಸ್ವತಃ ಹೇಳಿದರು: "ಕರಿ ಎರಡು." ಪೇಟಿಯಲ್ಲಿ ಬೆರಳಿಂದ ಒತ್ತುವ ಎರಡನೇ ಕಪ್ಪು ಮನೆ. ಅವರು ಹಾಡುತ್ತಿದ್ದ ಶ್ರುತಿ ಅದು. ಅಂಗಿಯ ಅಳತೆ ಹೇಳುವವರ ಹಾಗೆ ಹೇಳಿದರು. ನಾನು ಬರೆದುಕೊಂಡೆ. ಬರೆದುಕೊಂಡ ಮೇಲೆ ಇಲ್ಲ ಎನ್ನಲಾಗಲಿಲ್ಲ.

ಇನ್ನು ದೇಶಪಾಂಡೆ ಸರ್. ದನಿಯೇ ಇಲ್ಲದವರನ್ನು ಸಾ ಹಿಡಿಯಲು ಕೂರಿಸುವುದು ಹೇಗೆ? ಮೊದಲೇ ಹೇಳಿದರೆ ಬೇಡ ಎನ್ನುತ್ತಾರೆ ಎಂದು ನಾನು ಏನೂ ಹೇಳದೆ ಕರೆದುಕೊಂಡು ಹೋದೆ. ತಂಬೂರಿ ಮೀಟಿ, ಕಣ್ಣು ಮುಚ್ಚಿ, "ಹಿಡೀರಿ" ಎಂದರು. ಶಂಕ್ರಪ್ಪನವರು ಬೆನ್ನು ನೆಟ್ಟಗೆ ಮಾಡಿ, ಬಾಯಿ ಅಗಲ ತೆರೆದು, ಎದೆ ತುಂಬ ಉಸಿರೆಳೆದು ಸಾ ಹಿಡಿದರು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಷ್ಟೇ ಸದ್ದು. ಕೆಳಗೆ ಅಂಗಡಿಯಲ್ಲಿ ಯೂರಿಯಾ ಚೀಲ ಎತ್ತಿ ಹಾಕುವುದು ಕೇಳುತ್ತಿತ್ತು. ಸರ್ ತಲೆ ತೂಗಿದರು. ಬಹಳ ಹೊತ್ತು ತೂಗಿದರು.

"ಸ್ವರ ಶುದ್ಧ ಅದ," ಎಂದರು. "ಭಾಳ ಜನಾ ಒದರತಾರ. ಇವರು ಒದರಂಗಿಲ್ಲ. ತಗೋರಿ."

ಹೊರಗೆ ಬಂದ ಮೇಲೆ ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸರ್‌ಗೆ ಆ ಹೊತ್ತಿಗೆ ಕಿವಿ ಮಂದವಾಗಿತ್ತು, ಯಾರಿಗೂ ಹೇಳುವ ಧೈರ್ಯ ಇರಲಿಲ್ಲ ಎಂದು ನಾನು ಹೇಳುತ್ತಿರುತ್ತೇನೆ. ಆದರೆ ಅದೇ ವಾರ ಅವರು ಬಾಜು ಕೋಣೆಯಿಂದ ನನ್ನ ಮೂರನೇ ತಂತಿ ಇಳಿದಿದೆ ಎಂದು ಕೂಗಿ ಹೇಳಿದ್ದೂ ನೆನಪಿದೆ. ಎರಡೂ ನಿಜವಾಗಿರಲು ಬರುವುದಿಲ್ಲ. ಯಾವುದನ್ನು ಬಿಡಬೇಕೆಂದು ತಿಳಿಯದೆ ಎರಡನ್ನೂ ಇಟ್ಟುಕೊಂಡಿದ್ದೇನೆ.

ಈಗ ಪಿನ್ನು. ಆಗ ನವಲಗುಂದದಲ್ಲಿ ಸ್ಲೈಡ್ ಸಿಗುತ್ತಿರಲಿಲ್ಲ. ಈಗ ಫೋನಿನಲ್ಲಿ ಒತ್ತಿದರೆ ಗಾಜಿನದು, ಹಿತ್ತಾಳೆಯದು, ಪಿಂಗಾಣಿಯದು ಮನೆಗೆ ಬರುತ್ತವೆ. ನಾನು ಮೊದಲಿಂದಲೂ ಗ್ಯಾರೇಜಿನ ಪಿಸ್ಟನ್ ಪಿನ್ ಬಳಸುತ್ತಿದ್ದೆ. ಎಂಜಿನ್ನಿನೊಳಗೆ ಸಾವಿರಾರು ಸಲ ತಿಕ್ಕಿಸಿಕೊಂಡ ಉಕ್ಕು, ಕನ್ನಡಿಯಷ್ಟು ನುಣುಪು. ಶಂಕ್ರಪ್ಪನವರಿಗೆ ಒಂದು ತರಲು ಹೇಳಿದೆ. ಮೂರು ತಂದರು. ಬೈಕಿನದು ಅವರ ಬೆರಳುಗಳ ನಡುವೆ ಕಾಣೆಯಾಯಿತು. ಟ್ರ್ಯಾಕ್ಟರಿನದು ತಂತಿಯ ಮೇಲಿಟ್ಟರೆ ಗಿಟಾರೇ ಒಂದು ಕಡೆ ವಾಲಿತು. ಮೂರು ಗಾಲಿಯ ಟಂಟಂ ಗಾಡಿಯದು ಸರಿಹೋಯಿತು. ಆ ಟಣ್ ಶಬ್ದ ಅವತ್ತು ಆದದ್ದಿರಬೇಕು. ಟ್ರ್ಯಾಕ್ಟರಿನ ಪಿನ್ನಿನದು.

ಹೊಸಬರು ಮಾಡುವ ಮೊದಲ ತಪ್ಪು ಒತ್ತುವುದು. ತಂತಿಯ ಮೇಲೆ ಕಬ್ಬಿಣ ಕೂತಿರಬೇಕು ಅಷ್ಟೇ, ತಂತಿ ಕೆಳಗಿನ ಹಲಗೆಗೆ ತಾಗಕೂಡದು. ಶಂಕ್ರಪ್ಪನವರದು ಮೂವತ್ತು ವರ್ಷ ಕುಂಟೆ ಹಿಡಿದ ಕೈ. ಕುಂಟೆಯ ಮೇಲೆ ಭಾರ ಬಿಡದಿದ್ದರೆ ಅದು ನೆಲದೊಳಗೆ ಇಳಿಯುವುದಿಲ್ಲ. ಅದೇ ಭಾರವನ್ನು ಗಿಟಾರಿನ ಮೇಲೆ ಬಿಟ್ಟರು. ಹಲಗೆಯ ಮೇಲೆ ಸಾಲು ಬಿದ್ದವು. ಗಿಟಾರ್ ಶಾಲೆಯದು.

"ಹಗುರ, ಶಂಕ್ರಪ್ಪಾರ. ಹೂವು ಹಿಡದಂಗ," ಎಂದೆ.

ಅವರು ಕಬ್ಬಿಣವನ್ನು ಹೂವು ಹಿಡಿದಂತೆ ಹಿಡಿದರು. ಅದು ಕೈಯಿಂದ ಜಾರಿ ನನ್ನ ಕಾಲಿನ ಹೆಬ್ಬೆರಳಿನ ಮೇಲೆ ಬಿತ್ತು.

"ಹೂವು ಯಾವಾಗ ಹಿಡದಾರ್ರಿ ಇವ್ರು," ಎಂದಳು ಮೂಲೆಯಲ್ಲಿ ಕೂತ ಗಂಗವ್ವ. ಎದ್ದು ಬಂದು ಗಂಡನ ಎಡಗೈ ಹಿಡಿದಳು. "ನೋಡ್ರಿಲ್ಲೆ. ಹಂಚಿನ ಮ್ಯಾಲ ರೊಟ್ಟಿ ಹಾಕಿದ ಮ್ಯಾಲ ಅರಿವೀಲೆ ನೀರ ಸವರತೀವಲ್ಲ, ಹಂಗ. ಒತ್ತಿದ್ರ ರೊಟ್ಟಿ ಹರೀತೈತಿ. ಮುಟ್ಟಲಿಲ್ಲಂದ್ರ ಹಿಟ್ಟ ಹಂಗ ಉಳೀತೈತಿ. ಒಂದ ಸವ್ನ ಈ ದಂಡೀಲಿಂದ ಆ ದಂಡಿ ಮಟ ಹೋಗಬೇಕು."

ಹತ್ತು ವರ್ಷ ಕಲಿಸಿದ್ದರೂ ನಾನು ಅದನ್ನು ಅಷ್ಟು ಸರಿಯಾಗಿ ಹೇಳಿರಲಿಲ್ಲ. ಆಮೇಲೆ ನಿವೃತ್ತಿಯವರೆಗೂ ಅದನ್ನೇ ಹೇಳಿದೆ, ನನ್ನದೇ ಎಂಬಂತೆ. ಅಂದು ಗಂಗವ್ವ ತಾನೇ ಕಬ್ಬಿಣ ತೆಗೆದುಕೊಂಡು ಮೊದಲ ತಂತಿಯ ಮೇಲೆ ಒಮ್ಮೆ ಸವರಿದಳು, ನಾನು ಮೀಟಿದೆ. ಸ್ವರ ಎಷ್ಟು ಸ್ವಚ್ಛವಾಗಿ ಹೋಯಿತೆಂದರೆ ಶಂಕ್ರಪ್ಪನವರು ಸಿಟ್ಟಾಗಿ ಗಿಟಾರನ್ನು ಕಿತ್ತುಕೊಂಡರು.

ಮುಂದಿನ ಭಾನುವಾರ ಗಿಟಾರ್ ಸದ್ದೇ ಮಾಡಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಲು ಒಯ್ದಿದ್ದರು. ನಾನು ತಂತಿ ಮೀಟಿದರೆ ಒದ್ದೆ ಹಗ್ಗ ಮೀಟಿದ ಹಾಗೆ ಧಪ್ ಎಂದಿತು. ಬೆರಳು ಮೂಸಿದೆ. ಚಕ್ಕಡಿಯ ಗಾಲಿಗೆ ಹಾಕುವ ಕೀಲೆಣ್ಣೆ.

"ಇದೇನ ಮಾಡೀರಿ?"

ಶಂಕ್ರಪ್ಪನವರು ಪಿಸುಗುಟ್ಟಿದರು. ಗಂಗವ್ವ ದೊಡ್ಡದು ಮಾಡಿದಳು: "ಹಗುರ ಜಾರಬೇಕು ಅಂದಿದ್ರಿ. ಎಣ್ಣಿ ಹಾಕದ ಯಾವ ಗಾಲಿ ಜಾರತೈತಿ ಅಂತ ಕೇಳತಾರ."

ತಂತಿ ಬದಲಿಸಿದೆ. ಹಲಗೆಯ ಎಣ್ಣೆ ಹೋಗಲಿಲ್ಲ, ಆ ಗಿಟಾರಿನಿಂದ ಬೇಸಿಗೆಯಲ್ಲಿ ಇಂದಿಗೂ ಎತ್ತಿನ ಗಾಡಿಯ ವಾಸನೆ ಬರುತ್ತದೆ ಎಂದು ಈಗ ಅಲ್ಲಿರುವ ಶಿಕ್ಷಕರು ಹೇಳಿದರು. ದೇಶಪಾಂಡೆ ಸರ್ ಬಾಗಿಲಲ್ಲಿ ನಿಂತು ಮೂಗು ಮುರಿದು, "ಡಬ್ಬಿ ಈಗ ಪೂರಾ ಡಬ್ಬಿ ಆತು," ಎಂದು ಹೋದರು.

ಎರಡನೇ ತಿಂಗಳು ಊಳಿಡುವ ತಿಂಗಳು. ಜಾರಿಸಲು ಬಂತೆಂದರೆ ಹೊಸಬರು ಎಲ್ಲಕ್ಕೂ ಜಾರಿಸುತ್ತಾರೆ. ಸಾ ಇಂದ ರೀಗೆ ಜಾರು, ರೀ ಇಂದ ಗಾಗೆ ಜಾರು, ನಿಲ್ಲುವುದೇ ಇಲ್ಲ. ಸ್ವರದಲ್ಲಿ ನಿಂತ ಮೇಲೆ ಜಾರಿಗೆ ಅರ್ಥ, ನಿಲ್ಲದೆ ಜಾರಿದರೆ ಅದು ಆಂಬುಲೆನ್ಸು. ಇನ್ನೊಂದು: ಕಬ್ಬಿಣದ ಹಿಂದಿನ ತಂತಿಯೂ ಗುಂಯ್ ಎನ್ನುತ್ತಿರುತ್ತದೆ. ಎಡಗೈಯ ಉಳಿದ ಬೆರಳುಗಳನ್ನು ಅದರ ಮೇಲೆ ಸುಮ್ಮನೆ ಎಳೆದುಕೊಂಡು ಹೋದರೆ ಅದು ಬಾಯಿ ಮುಚ್ಚುತ್ತದೆ. ಇದನ್ನು ಕಲಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರದ ವರದಿಯನ್ನು ಗಂಗವ್ವ ಕೊಡುತ್ತಿದ್ದಳು. ಹಾಲು ಕೊಡುವ ಎಮ್ಮೆ ಒದೆಯಲು ಶುರು ಮಾಡಿತು, ಎದುರು ಮನೆಯವರು ಯಾರಿಗೆ ಏನಾಯಿತು ಎಂದು ಓಡಿ ಬಂದರು, ರುದ್ರಪ್ಪ ಗುಡಿಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ, "ನಮ್ಮ ಶಂಕ್ರಣ್ಣ ಬೆಕ್ಕ ಸಾಕ್ಯಾನ," ಎಂದ.

ನನ್ನ ದೊಡ್ಡ ತಪ್ಪು ಇದಾದ ಮೇಲಿನದು. ಕೈ ಹಗುರವಾಯಿತು, ಊಳು ನಿಂತಿತು, ಆದರೆ ಸ್ವರ ಮಾತ್ರ ಪ್ರತಿ ಸಲ ಒಂದು ಜೋಳದ ಕಾಳಿನಷ್ಟು ಕೆಳಗೆ. ಕಬ್ಬಿಣ ಸರಿಯಾಗಿ ಗೆರೆಯ ಮೇಲೆ ನಿಲ್ಲಬೇಕು, ಅವರದು ಗೆರೆಯ ಹಿಂದೆ ನಿಲ್ಲುತ್ತಿತ್ತು. ಆಗಷ್ಟೇ ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಬಂದಿತ್ತು. ಸೂಜಿ ಹಸಿರಿಗೆ ಬಂದರೆ ಸರಿ, ಕೆಂಪಿದ್ದರೆ ತಪ್ಪು. ಫೋನನ್ನು ಅವರೆದುರು ನಿಲ್ಲಿಸಿ ಒಂದು ತಿಂಗಳು ಕೆಂಪು ತೋರಿಸಿದೆ. "ಕೇಳಸ್ಕೋರಿ, ಶಂಕ್ರಪ್ಪಾರ, ಕಿವೀಗೆ ಕೆಲಸ ಕೊಡ್ರಿ," ಎಂದು ಗದರಿದೆ. ಹತ್ತೊಂಬತ್ತು ವರ್ಷ ಹನ್ನೆರಡು ಜನರನ್ನು ಹಾಡಿಸಿದ ಮನುಷ್ಯನಿಗೆ ಕಿವಿಯ ಪಾಠ ಹೇಳಿದೆ. ಅವರು ಒಂದು ಬುಧವಾರ ಬರಲಿಲ್ಲ, ಆಮೇಲಿನ ಭಾನುವಾರವೂ ಬರಲಿಲ್ಲ. ಅವರು ಒಂದು ದಿನವೂ ತಪ್ಪಿಸಲಿಲ್ಲ ಎಂದು ನಾನು ಭಾಷಣಗಳಲ್ಲಿ ಹೇಳಿದ್ದೇನೆ. ಹಾಜರಿ ಪುಸ್ತಕ ತೆಗೆದು ನೋಡಿದರೆ ಸಾಲಾಗಿ ನಾಲ್ಕು ಗೈರು ಇದೆ.

ಬಸ್ಸು ಹಿಡಿದು ಮೊರಬಕ್ಕೆ ಹೋದೆ. ಶಂಕ್ರಪ್ಪನವರು ಪಡಸಾಲೆಯಲ್ಲಿ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಗಂಗವ್ವ ಚಹಾ ತಂದಳು.

"ಬಿಟ್ಟೆ ಅಂತಾರ್ರಿ. ಕಿವೀನೂ ಹೋಗೇತಿ ಅಂತ ಮಾಸ್ತರ ಹೇಳ್ಯಾರ, ಇನ್ನೇನ ಉಳೀತು ಅಂತಾರ."

ಒಮ್ಮೆ ಬಾರಿಸಿರಿ ಎಂದೆ. ಅವರು ಬಾರಿಸಿದರು, ಅದೇ ಕಾಳಿನಷ್ಟು ಕಡಿಮೆ. ಬಾರಿಸುವಾಗ ಅವರು ಗದ್ದ ಎತ್ತಿ, ಮೂಗಿನ ತುದಿಯಿಂದ ಕೆಳಗೆ ನೋಡುವುದನ್ನು ಮೊದಲ ಸಲ ಗಮನಿಸಿದೆ. ಅವರ ಚಾಳೀಸಿನ ಗಾಜು ಎರಡು ಭಾಗದ್ದು, ಮೇಲೆ ದೂರಕ್ಕೆ, ಕೆಳಗೆ ಓದಲು. ಕೆಳಗಿನ ಭಾಗದಿಂದ ನೋಡಿದರೆ ಗೆರೆ ಇದ್ದಲ್ಲಿ ಕಾಣುತ್ತಿರಲಿಲ್ಲ. ಚಾಳೀಸು ತೆಗೆಸಿದೆ. "ಕಣ್ಣ ಮುಚ್ಚಿ ಬಾರಸ್ರಿ," ಎಂದೆ. ಮುಚ್ಚಿದರು. ಕಬ್ಬಿಣ ಒಂದು ಕ್ಷಣ ತಡಕಾಡಿತು, ಆಮೇಲೆ ರೀ ಸಿಕ್ಕಿತು, ಗಾ ಸಿಕ್ಕಿತು. ಗಂಗವ್ವನ ಕೈಯ ತಟ್ಟೆ ಹಾಗೇ ನಿಂತಿತು. ನಾನು ಫೋನ್ ತೆಗೆದು ನೋಡಲಿಲ್ಲ.

ಶಂಕ್ರಪ್ಪನವರು ಕಣ್ಣು ತೆರೆದು ನನಗೆ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ.

"ಬ್ಯಾಡ ಬಿಡ್ರಿ," ಎಂದಳು ಗಂಗವ್ವ. "ಅದನ್ನ ನಾ ಹೇಳಂಗಿಲ್ಲ."

ಕಲಿಸುವವರಿಗೆ ನನ್ನ ಬಳಿ ಇರುವ ಒಂದೇ ಖಾತ್ರಿಯಾದ ಉಪದೇಶ ಇದು: ವಿದ್ಯಾರ್ಥಿಯ ಕಿವಿಯನ್ನು ಬೈಯುವ ಮೊದಲು ಚಾಳೀಸು ನೋಡಿ.

ಶ್ರಾವಣಕ್ಕೆ ಹದಿನೈದು ದಿನ ಇದ್ದಾಗ ರುದ್ರಪ್ಪ ಶಾಲೆಗೆ ಬಂದ. ಬೈಕಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಬಾಗಿಲಲ್ಲೇ ನಿಂತು ಒಂದು ಪದ ಪೂರ್ತಿ ಕೇಳಿದ. ನಾನು ಜಗಳಕ್ಕೆ ತಯಾರಾದೆ.

"ಮಾಸ್ತರ, ನಿಮ್ಮ ವಿದ್ಯಾಕ್ಕ ನಾ ಏನೂ ಅನ್ನಂಗಿಲ್ಲ," ಎಂದ. "ಆದ್ರ ಭಜನಿ ಅಂದ್ರ ಬಾಯಿ. ಮುಂದ ಬಾಯಿ ಇರಲಿಲ್ಲಂದ್ರ ಹಿಂದಿನಾವ್ರು ಯಾವದಕ್ಕ ದನಿಗೂಡಸಬೇಕು?"

"ಪದ ಎಲ್ಲಾರಿಗೂ ಬಾಯಾಗ ಐತೆಲ್ಲಪಾ."

"ಐತ್ರಿ. ಹಂಗಂತ ಕುಂಬಿ ಮ್ಯಾಲ ಕಾಗಿ ಒದರಿದ್ರ ನಾವು ದನಿಗೂಡಸಂಗಿಲ್ಲ." ಶಂಕ್ರಪ್ಪನವರ ಕಡೆ ತಿರುಗಿದ. "ಶಂಕ್ರಣ್ಣ, ಹಿರ್ಯಾರ ಕೂಡ ಮಾತಾಗೇತಿ. ಮೂರು ಸರತಿ ಸಾಲ ಹಿಡಿ. ಮೂರರಾಗ ಮ್ಯಾಳ ಎತ್ತಿಕೊಂಡ್ರ ಚಾಪಿ ನಿಂದು. ಎತ್ತಿಕೊಳ್ಳಲಿಲ್ಲಂದ್ರ ನನಗ ಬೈಬ್ಯಾಡ."

ಶಂಕ್ರಪ್ಪನವರು ತಲೆಯಾಡಿಸಿದರು. ರುದ್ರಪ್ಪ ಮೆಟ್ಟಿಲಿಳಿಯುವಾಗ ನಿಂತು, "ಎಣ್ಣಿ ವಾಸನಿ ಯಾಕ ಬರ್ತೈತ್ರಿಲ್ಲೆ?" ಎಂದು ಕೇಳಿದ.

ಆ ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಗುಡಿಯ ಕಂಬಕ್ಕೆ ಆತು ನಿಂತಿದ್ದೆ. ದೇಶಪಾಂಡೆ ಸರ್ ಕೂಡ ಬಂದಿದ್ದರು, ಊದಿನಕಡ್ಡಿಯ ಹೊಗೆಗೆ ಕೆಮ್ಮುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಗಂಗವ್ವ ಅವರು ಬಂದೇ ಇರಲಿಲ್ಲ ಎನ್ನುತ್ತಾಳೆ. ಇರಲಿ. ಶಂಕ್ರಪ್ಪನವರು ಮುಂದಿನ ಚಾಪೆಯ ಮೇಲೆ ಕೂತರು. ತೊಡೆಯ ಮೇಲೆ ಕಂಬಳಿಯ ಮಡಿಕೆ, ಅದರ ಮೇಲೆ ಗಿಟಾರು. ಚಾಳೀಸು ತೆಗೆದು ಜೇಬಿಗೆ ಹಾಕಿದರು. ಬಲಗಡೆ ರುದ್ರಪ್ಪ ಪೇಟಿಯ ಮೇಲೆ ಕೈ ಕಟ್ಟಿಕೊಂಡು ಕೂತ. ಹಿಂದೆ ಹನ್ನೆರಡು ಜನ, ತಾಳ ಹಿಡಿದು.

ಮೊದಲ ಸಾಲು ಹಿಡಿದರು. ಚೆನ್ನಾಗಿಯೇ ಬಂತು. ಸಾಲು ಮುಗಿಯಿತು. ಹಿಂದೆ ಯಾರೂ ಉಸಿರೆತ್ತಲಿಲ್ಲ. ಯಾವ ಪದ ಎಂದು ಗೊತ್ತಾಗದೆ ಅಲ್ಲ, ಮೂರು ವರ್ಷದ ಮಗುವಿಗೂ ಗೊತ್ತಿದ್ದ ಪದ. ಬಾಯಿಯಿಂದ ಬಂದ ಸಾಲಿಗೆ ಬಾಯಿಯಿಂದ ಉತ್ತರ ಕೊಟ್ಟು ರೂಢಿಯಾದವರು, ಕಟ್ಟಿಗೆಯಿಂದ ಬಂದ ಸಾಲಿಗೆ ಮೊದಲು ಬಾಯಿ ತೆರೆದವನು ನಗೆಗೀಡಾಗುತ್ತಾನೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ತಾಳವನ್ನು ಅಂಗಿಗೆ ಒರೆಸಿಕೊಂಡ.

ಎರಡನೇ ಸಲ. ಅದೇ ಮೌನ. ಶಂಕ್ರಪ್ಪನವರ ಕುತ್ತಿಗೆಯ ಗಾಯದ ಪಕ್ಕ ಒಂದು ನರ ಎದ್ದು ಬಿತ್ತು. ಗಿಟಾರಿನ ಜೊತೆ ಅವರು ಗಂಟಲಿನಿಂದಲೂ ಹಾಡುತ್ತಿದ್ದಾರೆ, ಅಲ್ಲಿ ಗಾಳಿಯಷ್ಟೇ ಹೊರಡುತ್ತಿದೆ ಎಂದು ಆಗ ತಿಳಿಯಿತು.

ಮೂರನೇ ಸಲ ಸಾಲು ಅರ್ಧಕ್ಕೆ ಬಂದಾಗ ಪೇಟಿಯಿಂದ ಸದ್ದು ಬಂತು. ರುದ್ರಪ್ಪನ ಬಲಗೈ. ಹತ್ತೊಂಬತ್ತು ವರ್ಷ ಆ ಕೈ ಶಂಕ್ರಪ್ಪನವರ ಹಿಂದೆ ಹೋಗಿದೆ, ಅದಕ್ಕೆ ಬೇರೆ ಯಾವ ಕೆಲಸವೂ ಗೊತ್ತಿಲ್ಲ. ರುದ್ರಪ್ಪ ತನ್ನ ಕೈಯನ್ನು ನೋಡಿದ, ಬೇರೆಯವರ ಎತ್ತು ತನ್ನ ಹೊಲಕ್ಕೆ ನುಗ್ಗಿದ ಹಾಗೆ. ಎಡಗೈ ಆಗಲೇ ಗಾಳಿ ತುಂಬುವ ಬಾತೆ ಒತ್ತುತ್ತಿತ್ತು. ಸಾಲು ಮುಗಿಯುವ ಹೊತ್ತಿಗೆ ಅವನ ಬಾಯಿಯೂ ತೆರೆದಿತ್ತು, ಹಿಂದಿನ ಹನ್ನೆರಡು ಬಾಯಿಗಳಿಗೆ ಅಷ್ಟೇ ಬೇಕಾಗಿತ್ತು. ಗುಡಿ ತುಂಬಿತು.

ಎರಡನೇ ಸಾಲಿನಲ್ಲಿ ಅದು ಆಯಿತು. ಕಬ್ಬಿಣ ರೀಯ ಗೆರೆಯ ಮೇಲೆ ನಿಲ್ಲಬೇಕಿತ್ತು, ನಾವು ಹಾಗೇ ನಾಲ್ಕು ತಿಂಗಳು ತಿದ್ದಿದ್ದೆವು. ಅದು ಗೆರೆ ದಾಟಿತು. ರೀಯೂ ಅಲ್ಲದ ಗಾವೂ ಅಲ್ಲದ ಜಾಗದಲ್ಲಿ ನಿಂತು ಸ್ವಲ್ಪ ನಡುಗಿ, ಆಮೇಲೆ ಕೆಳಗಿಳಿಯಿತು. ನಾನು ಕಂಬಕ್ಕೆ ಹಣೆ ಹಚ್ಚಿದೆ. ರುದ್ರಪ್ಪ ಗಾಬರಿಯಲ್ಲಿ ಎರಡೂ ಮನೆ ಒಟ್ಟಿಗೆ ಒತ್ತಿದ, ಪೇಟಿಯಲ್ಲಿ ಆ ನಡುವಿನ ಜಾಗವೇ ಇಲ್ಲ. ಹಿಂದಿನ ಹನ್ನೆರಡು ಜನ ಮಾತ್ರ ಏನೂ ಯೋಚಿಸಲಿಲ್ಲ. ಮುಂದಿನವನು ಹೇಗೆ ಹಿಡಿದನೋ ಹಾಗೇ ತಿರುಗಿ ಹಾಡುವುದು ಮೇಳದ ಕಟ್ಟಳೆ. ಗೆರೆ ದಾಟಿ, ನಡುಗಿ, ಇಳಿದು, ಒಂದು ಎಳೆಯೂ ತಪ್ಪದೆ ಹಾಡಿದರು. ಪದ ಸುತ್ತಿ ಅಲ್ಲಿಗೆ ಮತ್ತೆ ಬಂದಾಗ ಶಂಕ್ರಪ್ಪನವರು ಮತ್ತೆ ಹಾಗೇ ಹಿಡಿದರು. ಪ್ರತಿ ಸಲವೂ.

ಪ್ರತಿ ಸಲ ಹಾಗೇ ಹಿಡಿದರು ಎಂದ ಮಾತ್ರಕ್ಕೆ ಬೇಕೆಂದೇ ಹಿಡಿದರು ಎಂದು ಸಾಬೀತಾಗುವುದಿಲ್ಲ. ತಪ್ಪು ಬಿದ್ದರೆ ಎದೆಗುಂದದೆ ಅದನ್ನೇ ಇನ್ನೊಮ್ಮೆ ಬಾರಿಸಿ, ಕೇಳುವವರು ಅದನ್ನು ಸರಿ ಎಂದುಕೊಳ್ಳುತ್ತಾರೆ ಎಂದು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳಿಕೊಡುತ್ತಿದ್ದೆ.

ಭಜನೆ ಮುಗಿದು ಅವಲಕ್ಕಿ, ಚಹಾ ಆಯಿತು. ರುದ್ರಪ್ಪ ಪೇಟಿ ಮುಚ್ಚುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: "ಶಂಕ್ರಣ್ಣ, ಬರೂ ಸೋಮವಾರ ಒಂದು ತಾಸು ಮೊದಲ ಬಾ. ನಿನ್ನ ತಂತಿ ನನ್ನ ಪೇಟಿಗಿ ಎಳಿಯಷ್ಟ ಕಡಿಮಿ ಇತ್ತು. ವರ್ಷಾನುಗಟ್ಲೆ ಹಂಗ ಕೇಳಾಕ ನನಗ ಆಗಂಗಿಲ್ಲ."

ಚಾಪೆಯ ಮಾತು ಅಷ್ಟಕ್ಕೇ ಮುಗಿಯಿತು.

ನಾನು ಶಂಕ್ರಪ್ಪನವರ ಬಾಜು ಕೂತು ಕೇಳಿದೆ: "ಎರಡನೇ ಸಾಲಿನಾಗ ತಪ್ಪಿತೋ, ಬೇಕಂತ ಹಂಗ ಹಿಡದ್ರೋ?" ಅವರು ನನ್ನನ್ನು ನೋಡಿದರು, ಚಹಾ ಬಸಿಗೆ ಸುರಿದುಕೊಂಡು ಕುಡಿದರು.

ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ರುದ್ರಪ್ಪ ಹೇಳುತ್ತಾನೆ: "ಶಂಕ್ರಣ್ಣ ಬಾಯಿ ಇದ್ದಾಗ ಎಂದೂ ಹಂಗ ಹಾಡಿಲ್ರಿ. ನನ್ನ ಪೇಟಿ ಸಾಕ್ಷಿ." ಗಂಗವ್ವ ಹೇಳುತ್ತಾಳೆ: "ಯಾವತ್ತೂ ಹಂಗ ಹಾಡತಿದ್ರು. ಪೇಟ್ಯಾಗ ಅದು ಬರ್ತಿದ್ದಿಲ್ಲ, ಅದಕ್ಕ ಅವಗ ಗೊತ್ತಿಲ್ಲ." ಹಿಂದಿನ ಹನ್ನೆರಡು ಜನರನ್ನು ಕೇಳಿದರೆ ಈಗ ಹಾಡುವ ಹಾಗೇ ಮೊದಲಿ‌ನಿಂದಲೂ ಹಾಡುತ್ತಿದ್ದೇವೆ ಎನ್ನುತ್ತಾರೆ, ನಾನು ಎರಡನೇ ಪ್ರಶ್ನೆ ಕೇಳಿದರೆ ಅನುಮಾನದಿಂದ ನೋಡುತ್ತಾರೆ. ಮೊರಬದ ಆ ಓಣಿಯಲ್ಲಿ ಆ ಪದ ಇವತ್ತಿಗೂ ಗೆರೆ ದಾಟಿಯೇ ಇಳಿಯುತ್ತದೆ.

ಹಳೆಯ ರೆಕಾರ್ಡಿಂಗ್ ಇದ್ದರೆ ತಿಳಿದೀತು ಎಂದು ಊರವರ ಮೊಬೈಲುಗಳನ್ನೆಲ್ಲ ಹುಡುಕಿಸಿದೆ. ಸೀಮಂತ ಇದೆ, ಹೋರಿ ಇದೆ, ಹೊಸ ಟ್ರ್ಯಾಕ್ಟರಿನ ಪೂಜೆ ಇದೆ. ಶಂಕ್ರಪ್ಪನವರು ಹಾಡಿದ್ದು ಒಂದೂ ಇಲ್ಲ. "ದಿನಾ ಕೇಳೂದನ್ನ ಯಾರ ತುಂಬಿ ಇಟ್ಕೋತಾರ್ರಿ," ಎಂದ ತಾಳದವನೊಬ್ಬ.

ನಾಲ್ಕು ತಿಂಗಳು ಅವರ ಕೈಯನ್ನು ಅವರ ದನಿಯ ಹತ್ತಿರ ತರುತ್ತಿದ್ದೇನೆ ಎಂದು ತಿಳಿದು ತಿದ್ದಿದೆ. ಆ ದನಿಯನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಅದು ಹೇಗಿತ್ತು ಎಂದು ನನಗೆ ಗೊತ್ತಿಲ್ಲ.